ನಿಪ್ಪಾಣಿಯಿಂದ ಬಂದ ಗಿಡ್ಡ ಬಂದೂಕು

ಅಂಗಡಿಯ ಆಬಾಸಾಹೇಬ ಮೊದಲು ಕೈಗೆ ಕೊಟ್ಟದ್ದು ಉದ್ದನೆಯ ಏರ್‌ಗನ್. ಮಾಳು ಅದನ್ನು ಬಲಗೈಯೊಂದರಿಂದಲೇ ಎತ್ತಿ ಹೆಗಲಿಗೆ ಆನಿಸಿದ. ಸ್ವಲ್ಪ ಹೊತ್ತು ನೆಟ್ಟಗೆ ನಿಂತ ನಳಿಕೆ ಮೆಲ್ಲಗೆ ಕೆಳಗೆ ಬಾಗಿ, ಗಾಜಿನ ಕೌಂಟರಿನ ಮೇಲಿದ್ದ ಚಹಾದ ಲೋಟದ ಕಡೆ ತಿರುಗಿತು. ಹೆಂಡತಿ ಅನುಸೂಯಾ ಲೋಟವನ್ನು ಪಕ್ಕಕ್ಕೆ ಸರಿಸಿದಳು.

"ಚಹಾ ಏನ ಮಾಡೇತ್ರಿ ನಿಮಗ?" ಎಂದಳು.

ಆಬಾಸಾಹೇಬ ನಗಲಿಲ್ಲ. ಮಾಳುವಿನ ಎಡಗೈಯನ್ನು ನೋಡುತ್ತಿದ್ದರು. ಅದು ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಮುಗಿದಿತ್ತು. ಮೂರು ವರ್ಷದ ಹಿಂದೆ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಹೋದ ಕೈ.

ನಿಪ್ಪಾಣಿಯ ಆ ಅಂಗಡಿಗೆ ಗಂಡ ಹೆಂಡತಿ ಸತ್ತಿಯಿಂದ ಮೂರು ಬಸ್ಸು ಬದಲಿಸಿ ಬಂದಿದ್ದರು. ಸತ್ತಿಯಲ್ಲಿ, ಕೃಷ್ಣಾ ನದಿಯಿಂದ ಸ್ವಲ್ಪ ಮೇಲಕ್ಕೆ, ಅವರದೊಂದು ಆಡಿನ ಶೆಡ್ಡು ಇದೆ. ಸುತ್ತಲಿನ ಹೊಲಗಳಲ್ಲಿ ಕಬ್ಬಿನ ಕಟಾವು ಮುಗಿಯುತ್ತಿದ್ದಂತೆ ಅಲ್ಲಿದ್ದ ಇಲಿ ಹೆಗ್ಗಣಗಳು ಶೆಡ್ಡಿಗೆ ಬರುತ್ತವೆ. ಈ ಸಲ ಗೋವಿನಜೋಳದ ಚೀಲಗಳನ್ನು ಹರಿದವು, ಹುಟ್ಟಿ ವಾರವಾಗದ ಎರಡು ಮರಿಗಳ ಕಿವಿ ಕಡಿದವು. ವಿಷ ಇಟ್ಟರೆ ಸತ್ತ ಇಲಿಯನ್ನು ತಿಂದು ಮನೆಯ ನಾಯಿ ಸತ್ತಿತು. ಬೋನು ಇಟ್ಟರೆ ಮೊದಲ ವಾರ ಬಿದ್ದ ಇಲಿಗಳು ಆಮೇಲೆ ಅದರ ಹತ್ತಿರವೂ ಸುಳಿಯಲಿಲ್ಲ. ಏರ್‌ಗನ್ ತರೋಣ ಎಂದವನು ಮಾಳು.

ಅನುಸೂಯಾಳಿಗೆ ಅವನು ಕಾರಣವನ್ನೂ ಹೇಳಿದ್ದ. ಕೈ ಹೋದಂದಿನಿಂದ ಬೆಳಿಗ್ಗೆ ಅಂಗಿಯ ಗುಂಡಿ ಹಾಕುವವಳು ಅವಳು. ಹಾಲು ಹಿಂಡುವವಳು, ಮೇವು ಕತ್ತರಿಸುವವಳು, ಔಷಧ ಕುಡಿಸುವಾಗ ಮರಿ ಹಿಡಿಯುವವಳು ಎಲ್ಲ ಅವಳೇ. ಅವನು ಶೆಡ್ಡಿನಲ್ಲಿ ನಿಂತು "ಅನುಸೂಯಾ" ಎಂದು ಕರೆಯುವುದು, ಅವಳು ಬರುವುದು. "ದಿನದಾಗ ಒಂದ ಕೆಲಸಾ ನಿನ್ನ ಕರೀಲಾರದ ಮಾಡಬೇಕಂತ ಐತಿ ನನಗ" ಎಂದಿದ್ದ. ಅವಳು ಮರುದಿನವೇ ಬಸ್ಸಿನ ವೇಳೆ ವಿಚಾರಿಸಿಕೊಂಡು ಬಂದಳು.

ಆಬಾಸಾಹೇಬ ಒಳಗೆ ಹೋಗಿ ಇನ್ನೊಂದು ಬಂದೂಕು ತಂದರು. ಮೊದಲಿನದಕ್ಕಿಂತ ಒಂದು ಮೊಳ ಗಿಡ್ಡ.

"ಇದಕ್ಕ ಬುಲ್‌ಪಪ್ ಅಂತಾರ್ರಿ ಪಾವಣೇರ. ನಳಿಕಿ ಅಷ್ಟ ಉದ್ದ ಐತಿ. ಯಂತ್ರಾ ಎಲ್ಲಾ ಈ ಬೆರಳಿಲೆ ಒತ್ತು ಕುದುರಿ ಹಿಂದ ಸರಸ್ಯಾರ, ನಿಮ್ಮ ಗಲ್ಲದ ಕೆಳಗ ಬರ್ತೈತಿ. ಭಾರ ಹೆಗಲಿನ ಮ್ಯಾಲೆ ಕುಂಡರ್ತೈತಿ, ಮುಂದ ಜಗ್ಗೂದಿಲ್ಲ. ಎತ್ತಿ ನೋಡ್ರಿ."

ಮಾಳು ಎತ್ತಿದ. ನಳಿಕೆ ನಿಂತಲ್ಲೇ ನಿಂತಿತು.

ಆಬಾಸಾಹೇಬ ಅದರ ಕೊರತೆಗಳನ್ನೂ ಮುಚ್ಚಿಡಲಿಲ್ಲ. ಕುದುರೆಯಿಂದ ಹಿಂದಿನ ಯಂತ್ರದವರೆಗೆ ಉದ್ದನೆಯ ಸರಳು ಹೋಗುವುದರಿಂದ ಒತ್ತು ಅಷ್ಟು ನಯವಾಗಿರುವುದಿಲ್ಲ. ಮೇಜಿನ ಮೇಲಿಟ್ಟು ಸ್ಪರ್ಧೆಗೆ ಹೊಡೆಯುವವರು ಉದ್ದನೆಯದನ್ನೇ ಕೇಳುತ್ತಾರೆ. ಅವರು ಎಡಗೈಯಿಂದ ಬಂದೂಕಿನ ಹಿಂಬದಿಯ ಮರಳುಚೀಲವನ್ನು ಒತ್ತಿ ಗುರಿ ಏರಿಸುತ್ತಾರೆ, ಇಳಿಸುತ್ತಾರೆ.

"ನನಗ ಆ ಕೈ ಇಲ್ಲಲ್ರಿ" ಎಂದ ಮಾಳು.

"ಮೊಣಕೈ ಐತಲ್ಲ. ಮೊಣಕೈಲೆ ಒತ್ತರಿ. ಬಲಕ್ಕ ಈ ಹಿಡಿಕಿ ಐತಿ ನೋಡ್ರಿ, ಒಮ್ಮೆ ಹಿಂದ ಜಗ್ಗಿ ಮುಂದ ದೂಡಿದ್ರ ಪೆಲೆಟ್ ಗುಂಡ ತಾನ ಬರ್ತೈತಿ. ಒಂದೊಂದ ತುಂಬೂ ತ್ರಾಸ ಇಲ್ಲ. ಗುಂಡಿನ ಅಳತಿ ಪಾಯಿಂಟ್ ಒನ್ ಸೆವೆನ್ ಸೆವೆನ್, ಜೋರು ಇಪ್ಪತ್ತ ಜೂಲಿನ ಒಳಗ. ಲೈಸನ್ಸ್ ಬ್ಯಾಡ, ಆಧಾರ ಜೆರಾಕ್ಸ್ ಕೊಡ್ರಿ ಸಾಕು."

ಅಂಗಡಿಯಲ್ಲಿದ್ದ ಮರಳುಚೀಲದ ಮೇಲಿಟ್ಟು ಮಾಳು ಹಿಡಿಕೆಯನ್ನು ಜಗ್ಗಿದ, ದೂಡಿದ, ಮತ್ತೆ ಜಗ್ಗಿದ. ಯಾರ ಸಹಾಯವೂ ಬೇಕಾಗಲಿಲ್ಲ. ಅವನು ಅನುಸೂಯಾಳ ಮುಖ ನೋಡಿದ. ಅವಳು ಆಗಲೇ ಚೀಲದಿಂದ ಜೆರಾಕ್ಸ್ ತೆಗೆಯುತ್ತಿದ್ದಳು.

ಆಬಾಸಾಹೇಬ ಸಿಲಿಂಡರಿನಿಂದ ಬಂದೂಕಿಗೆ, ಗುಂಡನ್ನು ತಳ್ಳುವ ಗಾಳಿ ತುಂಬಿಕೊಟ್ಟರು. ಅಷ್ಟರಲ್ಲಿ ಬೇರೆ ಗಿರಾಕಿ ಬಂದ. ಅವನ ಕಡೆ ತಿರುಗುತ್ತಲೇ, "ಊರಾಗ ಗಾಳಿ ತುಂಬಾಕ ವ್ಯವಸ್ಥಾ ಐತಿಲ್ಲ?" ಎಂದು ಕೇಳಿದರು.

"ಐತ್ರಿ" ಎಂದ ಮಾಳು. ಅವನ ಮನಸ್ಸಿನಲ್ಲಿ ಇದ್ದದ್ದು ರಸ್ತೆ ಬದಿಯ ಲಖನನ ಪಂಕ್ಚರ್ ಅಂಗಡಿ.

ಶೆಡ್ಡಿನ ಮೂಲೆಯಲ್ಲಿ ಇಟ್ಟಿಗೆ ಪೇರಿಸಿ, ಮೇಲೊಂದು ಚಪ್ಪಟೆ ಫರಸಿಕಲ್ಲು ಹಾಕಿ ಮಾಳು ಮೇಜು ಮಾಡಿಕೊಂಡ. ಒಂದೇ ಕೈಯಲ್ಲಿ ಕಲ್ಲನ್ನು ಸರಿಸಿ ಸರಿಸಿ ಕೂಡಿಸಲು ಮಧ್ಯಾಹ್ನವಿಡೀ ಹಿಡಿಯಿತು. ಹೆಗ್ಗಣಗಳು ಬರುವ ದಾರಿಯ ಹಿಂದೆ ಆಡುಗಳಿರಬಾರದು, ಮಣ್ಣಿನ ಒಡ್ಡು ಇರಬೇಕು, ತಪ್ಪಿದ ಗುಂಡು ಅಲ್ಲೇ ಹುದುಗಿಹೋಗಬೇಕು ಎಂದು ನೋಡಿ ಜಾಗ ಆರಿಸಿದ್ದ. ಹಳೆಯ ಜೀನ್ಸ್ ಪ್ಯಾಂಟಿನ ಕಾಲಿಗೆ ನದಿಯ ಮರಳು ತುಂಬಿ ಚೀಲ ಮಾಡಿದ. ಅದರ ಬಾಯಿ ಹೊಲಿಯುವುದಕ್ಕೆ ಮಾತ್ರ ಹೆಂಡತಿಯನ್ನು ಕರೆದ.

ಮೊದಲ ಸಂಜೆ ಒಡ್ಡಿಗೆ ಕಾಗದ ಸಿಕ್ಕಿಸಿ ಗುರಿ ಕೂಡಿಸಿದ. ಕೊನೆಯ ಐದು ಗುಂಡುಗಳ ತೂತನ್ನು ಒಂದು ರೂಪಾಯಿಯ ನಾಣ್ಯದಿಂದ ಮುಚ್ಚಬಹುದಿತ್ತು. ಅನುಸೂಯಾ ಆ ಕಾಗದವನ್ನು ಒಯ್ದು ಅಡುಗೆಮನೆಯ ಕ್ಯಾಲೆಂಡರಿನ ಮೊಳೆಗೆ ಚುಚ್ಚಿದಳು. ಮುಂದಿನ ಸಂಜೆಗಳಲ್ಲಿ ಅವಳು ರೊಟ್ಟಿ ಬಡಿಯುತ್ತಿರುವಾಗ ಶೆಡ್ಡಿನ ಕಡೆಯಿಂದ ಆಗೊಮ್ಮೆ ಈಗೊಮ್ಮೆ ಚಪ್ಪಾಳೆ ತಟ್ಟಿದಂಥ ಸದ್ದು ಬರುತ್ತಿತ್ತು. ಯಾರೂ ಯಾರನ್ನೂ ಕರೆಯುತ್ತಿರಲಿಲ್ಲ. ಬೆಳಿಗ್ಗೆ ಸತ್ತ ಹೆಗ್ಗಣಗಳನ್ನು ಹುಗಿಯುವವನೂ ಮಾಳುವೇ. ಹೊಸದಾಗಿ ಹುಟ್ಟಿದ ಮರಿಯ ಕಿವಿಗಳು ಇಡಿಯಾಗಿದ್ದವು.

ಆಮೇಲೆ ಗುಂಡುಗಳು ಗುರಿಗಿಂತ ಕೆಳಗೆ ಬೀಳತೊಡಗಿದವು. ಬಂದೂಕಿನಲ್ಲಿ ಗಾಳಿ ಎಷ್ಟಿದೆ ಎಂದು ತೋರಿಸುವ ಮುಳ್ಳು ಹಸಿರು ಪಟ್ಟಿ ಬಿಟ್ಟು ಕೆಳಗಿಳಿದಿತ್ತು.

ಲಖನ ಬಂದೂಕನ್ನು ತಿರುಗಿಸಿ ತಿರುಗಿಸಿ ನೋಡಿದ.

"ಲೇ ಮಾಳ್ಯಾ, ಲಾರಿ ಟಾಯರಿಗೆ ನೂರಾ ಇಪ್ಪತ್ತ ಪೌಂಡ ಹೊಡಿತೀನಿ ನಾ. ಇದಕ್ಕ ಮೂರ ಸಾವಿರದ ಹತ್ರ ಬೇಕಂತ ಬರದೈತಿ. ನನ್ನ ಟಾಕಿಗೆ ಅಷ್ಟ ತುಂಬಿದ್ರ ನಾನೂ ಇಲ್ಲ, ಅಂಗಡಿನೂ ಇಲ್ಲ, ಹಾದಿ ಮ್ಯಾಲೆ ಹೋಗು ಬಸ್ಸೂ ಇಲ್ಲ."

"ಮತ್ತ ಏನ ಮಾಡ್ಲಿ?"

"ಕೊಟ್ಟಾವನ್ನ ಕೇಳು. ಚಹಾ ಕುಡದ ಹೋಗು."

ಮಾಳು ಅಲ್ಲಿಂದಲೇ ನಿಪ್ಪಾಣಿಗೆ ಫೋನ್ ಮಾಡಿದ. ಆಬಾಸಾಹೇಬ ಒಮ್ಮೆಲೇ ಒಪ್ಪಿಕೊಂಡರು.

"ತಪ್ಪ ನಂದ್ರಿ ಪಾವಣೇರ. ನಿಮ್ಮ ಹತ್ರ ಸಿಲಿಂಡರ್ ಐತಿ ಅಂತ ತಿಳಕೊಂಡೆ. ಬಿಡಿಸಿ ಕೇಳಬೇಕಾಗಿತ್ತ ನಾ. ಕೈಪಂಪು ಕಳಸ್ತೀನಿ, ನಡಸಿ ನೋಡ್ರಿ. ಸರಿ ಹೋಗಲಿಲ್ಲಂದ್ರ ಬಂದೂಕನೂ ವಾಪಸ್ ತಗೋತೀನಿ. ಮನಸ್ಸಿಗೆ ಹಚ್ಚಕೋಬ್ಯಾಡ್ರಿ."

ಪಂಪು ಬಸ್ಸಿನಲ್ಲಿ ತಾಲೂಕಿನ ಊರಾದ ಅಥಣಿಗೆ ಬಂತು, ಅಲ್ಲಿಂದ ಮಾಳು ಮನೆಗೆ ತಂದ. ನೋಡಲು ಸೈಕಲ್ ಪಂಪಿನಂತೆಯೇ, ಆದರೆ ಸೊಂಟದೆತ್ತರ. ಬುಡದಲ್ಲಿ ಎರಡು ಪಾದಗಳಿಗೆ ಎರಡು ತಟ್ಟೆ, ಮೇಲೆ ಎರಡು ಕೈಗಳಿಗೆ ಅಡ್ಡ ಹಿಡಿಕೆ. ಮಾಳು ಬಲಗೈಯಿಂದ ಒತ್ತಿದ. ಹಿಡಿಕೆ ಒಂದು ಬದಿಗೆ ವಾಲಿತು, ಒಳಗಿನ ಸರಳು ಕಿರುಗುಟ್ಟಿತು. ಎಡಗೈಯ ತುದಿಯನ್ನು ಇನ್ನೊಂದು ಬದಿಗೆ ಊರಿದ. ಜಾರಿತು. ಮತ್ತೆ ಊರಿದ, ಮತ್ತೆ ಜಾರಿ ಚರ್ಮ ಕಿತ್ತಿತು. ಅವನು ಪಂಪನ್ನು ಡಬ್ಬಿಯೊಳಗೆ ಇಟ್ಟು ಫರಸಿಕಲ್ಲಿನ ಮೇಲೆ ಕುಳಿತ.

ಅನುಸೂಯಾ ಹಾಲಿನ ಪಾತ್ರೆ ಹಿಡಿದು ಬಂದಳು. ಡಬ್ಬಿ ನೋಡಿದಳು, ಅವನ ಕೈ ನೋಡಿದಳು.

"ನಾಳಿ ನಿಪ್ಪಾಣಿಗೆ ಹೋಗಿ ಕೊಟ್ಟ ಬರ್ತೀನಿ" ಎಂದ ಮಾಳು.

"ಯಾಕ?"

"ಹೊಡಿಯಾಕ ಒಂದ ಕೈ ಸಾಕು. ತುಂಬಾಕ ಎರಡ ಬೇಕು. ಮತ್ತ ನಿನ್ನ ಕರೀಬೇಕಾಗ್ತೈತಿ. ಅದಕ್ಕ ಅಲ್ಲ ನಾ ಇದನ್ನ ತಂದಿದ್ದು."

ಅವಳು ಪಾತ್ರೆ ಕೆಳಗಿಟ್ಟು ಪಂಪನ್ನು ಹೊರಗೆ ತೆಗೆದು, ಅದರ ಕೊಳವೆಯನ್ನು ಬಂದೂಕಿಗೆ ಸಿಕ್ಕಿಸಿದಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ತಟ್ಟೆಗಳ ಮೇಲೆ ನಿಂತು ಎರಡೂ ಕೈಯಿಂದ ಒತ್ತತೊಡಗಿದಳು. ಮೊದಮೊದಲು ಹಿಡಿಕೆ ಸಲೀಸಾಗಿ ಇಳಿಯಿತು. ಮುಳ್ಳು ಎರಡು ಸಾವಿರದ ಹತ್ತಿರ ಬಂದಾಗ ಅರ್ಧಕ್ಕೇ ನಿಂತುಬಿಟ್ಟಿತು. ಅವಳು ಹೊಟ್ಟೆಯನ್ನು ಊರಿ ಒತ್ತಿದಳು. ಇಳಿಯಲಿಲ್ಲ. ಅವಳ ಮೈಯಲ್ಲಿ ಅಷ್ಟು ಭಾರ ಇರಲಿಲ್ಲ.

"ಕುಂತ ನೋಡಾಕತ್ತೀರೇನು? ಬರ್ರಿ ಇತ್ಲಾಗ" ಎಂದಳು.

"ನಾ ಬಂದ ಏನ ಮಾಡ್ಲಿ?"

"ನಿಮ್ಮ ಬಲಗೈ ಎಲ್ಲಿ ಹೋಗೇತಿ?"

ಅವನು ಎದ್ದು ಅವಳ ಎದುರಿಗೆ ನಿಂತ. ಅವಳು ಒಂದು ತಟ್ಟೆಯಿಂದ ಕಾಲು ತೆಗೆದು ಜಾಗ ಮಾಡಿದಳು. ಹಿಡಿಕೆಯ ಒಂದು ತುದಿಗೆ ಅವನ ಬಲಗೈ, ಇನ್ನೊಂದು ತುದಿಗೆ ಅವಳ ಬಲಗೈ. ಹಣೆಗೆ ಹಣೆ ತಾಗುವಷ್ಟು ಹತ್ತಿರ ಒಟ್ಟಿಗೆ ಬಗ್ಗಿದರು. ಸರಳು ಎಲ್ಲಿಯೂ ವಾಲದೆ ನೆಟ್ಟಗೆ ಇಳಿಯಿತು.

"ತಲಿ ಸಂಭಾಳಸ್ರಿ" ಎಂದಳು. "ನನಗ ಇರೂದ ಒಂದ."

ನಡುವೆ ನಿಂತು ಉಸಿರು ತೆಗೆದುಕೊಂಡರು. ಪಂಪು ಬಿಸಿಯಾಗಿದ್ದರಿಂದ ಅದು ಆರುವವರೆಗೂ ಕಾದರು. ಮಬ್ಬುಗತ್ತಲಾಗುವ ಮುಂಚೆ ಮುಳ್ಳು ಹಸಿರಿನ ಮೇಲಂಚಿಗೆ ಬಂದು ನಿಂತಿತು. ಬೆವರು ಒರೆಸಿಕೊಳ್ಳುತ್ತ ಮಾಳು ಹೇಳಿದ, "ನಿನ್ನ ಒಬ್ಬಾಕೀಗೂ ಆಗಲಿಲ್ಲ ನೋಡು."

"ಆಗಲಿಲ್ಲ. ಅದಕ್ಕ ಕರದೆ."

ಈ ಮೂರು ವರ್ಷಗಳಲ್ಲಿ ಅವಳು ತನ್ನ ಕೆಲಸಕ್ಕೆಂದು ಅವನನ್ನು ಕರೆದದ್ದು ಅವನಿಗೆ ನೆನಪಿರಲಿಲ್ಲ. ಬಂದೂಕನ್ನು ಎತ್ತಿ ಮರಳುಚೀಲದ ಮೇಲೆ ಕೂಡಿಸಿ, ಮೊಣಕೈಯಿಂದ ಹಿಂಬದಿ ಒತ್ತಿ ಗುರಿ ನೋಡಿದ. ಅವಳು ಹಾಲಿನ ಪಾತ್ರೆ ಎತ್ತಿಕೊಂಡು ಮನೆಯ ಕಡೆ ನಡೆದಳು.

ಮರುದಿನ ಅವನು ನಿಪ್ಪಾಣಿಗೆ ಹೋಗಲಿಲ್ಲ. ಆಬಾಸಾಹೇಬರಿಗೆ ಫೋನ್ ಮಾಡಿ ಬಂದೂಕು ಇಲ್ಲೇ ಇರುತ್ತದೆ ಎಂದ. "ಭಾಳ ಉಪಕಾರ ಆತ್ರಿ" ಎಂದ. ಸಂಜೆ ಆ ಕಡೆ ಹೋಗುವವರ ಕೈಯಲ್ಲಿ ಲಖನನಿಗೆ ಒಂದು ತಂಬಿಗೆ ಆಡಿನ ಹಾಲು ಕಳಿಸಿದ.

ಈಗ ನಾಲ್ಕೈದು ದಿನಕ್ಕೊಮ್ಮೆ ಮುಳ್ಳು ಕೆಳಗಿಳಿಯುತ್ತದೆ. ಮಾಳು ಅದನ್ನು ಹೇಳುವ ಅಗತ್ಯ ಬಿದ್ದಿಲ್ಲ. ಹಾಲು ಹಿಂಡಿ ಎದ್ದವಳು ಫರಸಿಕಲ್ಲಿನ ಹತ್ತಿರ ಹೋಗಿ ಮುಳ್ಳು ನೋಡುತ್ತಾಳೆ. ಇಳಿದಿದ್ದರೆ ನೆರಿಗೆ ಸಿಕ್ಕಿಸಿಕೊಂಡು ಪಂಪನ್ನು ಹೊರಗಿಟ್ಟು ಮನೆಯ ಕಡೆ ಮುಖ ಮಾಡುತ್ತಾಳೆ.

"ಎಲ್ಲಿ ಅದೀರಿ? ಬರ್ರಿ, ಗಾಳಿ ಹೊಡಿಯೂಣು."