ನೀಲಿ ಕಲ್ಯಾಣಿ

ಮೂವತ್ತೆರಡು ವರ್ಷ ಹೈಸ್ಕೂಲು ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದ ಡ್ರಿಲ್ ಮೇಷ್ಟ್ರು ಕಾಡಸಿದ್ದಪ್ಪನವರು ನಿವೃತ್ತರಾಗಿ ಬಿಳಿಗೆರೆಗೆ ಬಂದ ವಾರದಲ್ಲೇ ಊರ ಕಲ್ಯಾಣಿಯ ಮೇಲೆ ಕಣ್ಣು ಹಾಕಿದರು. ಅಲ್ಲಿನ ಮೀನು, ಕಪ್ಪೆ, ಪಾಚಿ, ಏರೋಪ್ಲೇನ್ ಚಿಟ್ಟೆ ಯಾವುದಕ್ಕೂ ಶಿಸ್ತಿರಲಿಲ್ಲ.

"ನೀರಂದ್ರೆ ಈಜುಕೊಳದ ನೀರು ಕಣೇ. ತಳದಾಗೆ ಸೂಜಿ ಬಿದ್ರೂ ಕಾಣ್ಬೇಕು" ಎಂದರು ಹೆಂಡತಿಗೆ.

"ಕಲ್ಯಾಣಿಗೆ ಸೂಜಿ ಹಾಕೋರು ಯಾರ್ರೀ?" ಎಂದು ಮಂಗಳಾ ಕೇಳಿದ್ದು ಅವರ ಕಿವಿಗೆ ಬೀಳಲಿಲ್ಲ.

ಮೋಟರಿಟ್ಟು ನೀರು ಖಾಲಿ ಮಾಡಿಸಿದರು. ಬ್ಲೀಚಿಂಗ್ ಪೌಡರ್ ಹಾಕಿ ಮೆಟ್ಟಿಲು ಉಜ್ಜಿಸಿದರು. ಬೋರಿನ ನೀರು ತುಂಬಿಸಿ, ಬಣ್ಣ ಸಾಲದೆಂದು ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕು ಬಾಟಲಿ ಸುರಿದರು. ಊರವರು ಫೋಟೊ ತೆಗೆದುಕೊಂಡರು. ಮೇಷ್ಟ್ರು ಎರಡು ವಾರ ಎದೆಯುಬ್ಬಿಸಿ ನಡೆದರು.

ಮೂರನೆಯ ವಾರ ಸೊಳ್ಳೆ ಬಂದವು. ಸಂಜೆ ಅರಳಿಕಟ್ಟೆಯಲ್ಲಿ ಕೂತವರೆಲ್ಲ ಪಟಪಟ ಚಪ್ಪಾಳೆ ತಟ್ಟತೊಡಗಿದರು. ಕೊಬ್ಬರಿ ಕೊಳ್ಳಲು ಬಂದಿದ್ದ ವ್ಯಾಪಾರಿಯೊಬ್ಬ ಭಜನೆಯೆಂದು ತಿಳಿದು, ಚಪ್ಪಲಿ ಬಿಟ್ಟು ಭಕ್ತಿಯಿಂದ ಬಂದು ಕೂತ. ಐದೇ ನಿಮಿಷದಲ್ಲಿ ಅವನೂ ತಾಳ ಹಾಕುತ್ತಿದ್ದ. ಬೀದಿಯಲ್ಲಿ ನಾಲ್ವರಿಗೆ ಜ್ವರ ಬಂತು.

ಆರೋಗ್ಯ ಕೇಂದ್ರದ ನರ್ಸ್ ಸುಷ್ಮಿತಾ ಕಲ್ಯಾಣಿಯಿಂದ ಒಂದು ಮಗ್ ನೀರೆತ್ತಿ ತೋರಿಸಿದಳು. ಸಣ್ಣ ಹುಳಗಳು ತಲೆಕೆಳಗಾಗಿ ನೇತಾಡುತ್ತಿದ್ದವು.

"ಇವೆಲ್ಲ ನಾಳಿದ್ದು ಸೊಳ್ಳೆ ಆಗ್ತವೆ, ಸಾರ್."

"ಇಷ್ಟು ಕ್ಲೀನ್ ನೀರಾಗಾ?"

"ತಿನ್ನೋರನ್ನ ನೀವೇ ಓಡಿಸಿದ್ರಲ್ಲ! ಮೀನು, ಕಪ್ಪೆ, ಆ ಏರೋಪ್ಲೇನ್ ಚಿಟ್ಟೆ ಮರಿಗಳು, ಎಲ್ಲಾ ಸೇರಿ ಇವುನ್ನ ತಿಂತಿದ್ವು. ಊರಿಗೆ ಗೊತ್ತಿರ್ಲಿಲ್ಲ, ಅಷ್ಟೇ."

ಮೇಷ್ಟ್ರ ಮುಖ ಸಣ್ಣದಾಯಿತು. ಮತ್ತೆ ನೀರು ಬದಲಿಸಿ, ಮರುದಿನವೇ ಹಾಲಿನ ಕ್ಯಾನು ಹಿಡಿದು ಶೆಟ್ಟಿಕೆರೆಯ ನಾದಿನಿ ಪುಟ್ಟಗಂಗಮ್ಮನ ಮನೆಗೆ ಹೋದರು. ಆಕೆ ಊರ ಕೆರೆಗೆ ಕರೆದೊಯ್ದು ಸಣ್ಣ ಮೀನು, ಹನ್ನೊಂದು ಕಪ್ಪೆ, ಒಂದು ಹಿಡಿ ಪಾಚಿ ತುಂಬಿಕೊಟ್ಟಳು.

"ಪಾಚಿ ಬ್ಯಾಡಮ್ಮ."

"ಸುಮ್ನೆ ಹಿಡ್ಕಳಿ ಭಾವ. ಪಾಚಿ ಇಲ್ದೆ ಅವು ಎಲ್ಲಿ ಬಚ್ಚಿಟ್ಕಬೇಕು?"

ವಾಪಸ್ ಬರುವಾಗ ತಿಪಟೂರಿನ ಬಸ್ಸು ರಸ್ತೆಯ ಹಂಪಿನ ಮೇಲೆ ಹಾರಿದಾಗ ಕ್ಯಾನಿನ ಮುಚ್ಚಳವೂ ಹಾರಿತು. ಹಿಂದೆಯೇ ಕಪ್ಪೆಗಳು. ಗಾಬರಿಯಲ್ಲಿ ಮೇಷ್ಟ್ರು ಎದ್ದು, "ಸಾವಧಾನ್!" ಎಂದು ಕೂಗಿದರು. ಪ್ರಯಾಣಿಕರಲ್ಲಿ ಮೂವರು ಅವರ ಹಳೆಯ ಶಿಷ್ಯರು. ತಟ್ಟನೆ ನೆಟ್ಟಗೆ ನಿಂತರು. ಕಪ್ಪೆಗಳು ನಿಲ್ಲಲಿಲ್ಲ.

"ಯಾರ್ದ್ರೀ ಇವು? ಸೀಟ್ ಮೇಲೆ ಟಿಕೆಟ್ ತಗೊಂಡೋರು ಮಾತ್ರ ಕೂತ್ಕಬೇಕು!" ಕಂಡಕ್ಟರ್ ಅರಚಿದ.

ಪಕ್ಕದಲ್ಲಿ ಟೈಲರ್ ವಹಾಬ್ ಸಾಹೇಬರ ಬಟ್ಟೆಗಂಟಿನ ಮೇಲೆ ದಪ್ಪ ಕಪ್ಪೆಯೊಂದು ಕೂತಿತ್ತು. ಅವರು ಮೆಲ್ಲಗೆ ಅದರ ಮೇಲೆ ಟವೆಲ್ ಮುಚ್ಚಿ ಮೇಷ್ಟ್ರಿಗೆ ಕೊಟ್ಟರು. "ತಗೊಳ್ಳಿ ಸಾರ್. ಸೊಂಟದ ಅಳತೆ ಸ್ವಲ್ಪ ಜಾಸ್ತಿ ಐತೆ."

ಬಸ್ಸಿಗೆ ಬಸ್ಸೇ ಬಗ್ಗಿ ಹುಡುಕಿತು. ಒಂಬತ್ತು ಸಿಕ್ಕವು. ಉಳಿದೆರಡು ತಿಪಟೂರಿನಲ್ಲಿ ಎಲ್ಲರಿಗಿಂತ ಮೊದಲೇ ಇಳಿದು ಹೋದವು.

ಕ್ಯಾನಿನಲ್ಲಿದ್ದುದನ್ನೆಲ್ಲ ಕಲ್ಯಾಣಿಗೆ ಬಿಟ್ಟ ಎರಡು ತಿಂಗಳಲ್ಲಿ ಸೊಳ್ಳೆ ಕಡಿಮೆಯಾದವು. ಜ್ವರದವರು ಎದ್ದು ತೋಟಕ್ಕೆ ಹೋದರು. ಒಂದು ಮಧ್ಯಾಹ್ನ ಊಟಕ್ಕೆ ಕರೆಯಲು ಬಂದ ಮಂಗಳಾಗೆ ಗಂಡ ಮೆಟ್ಟಿಲ ಮೇಲೆ ಬೋರಲಾಗಿ ಮಲಗಿದ್ದುದು ಕಂಡಿತು. ಮೂಗು ನೀರಿಗೆ ತಾಗುವಂತಿತ್ತು. ಪಾಚಿಯ ಪಕ್ಕ ಸಣ್ಣ ಮೀನುಗಳು ಸಾಲಾಗಿ ಸೊಳ್ಳೆಹುಳ ತಿನ್ನುತ್ತಿದ್ದವು.

"ಏನ್ರೀ ಇದು?"

"ಶ್! ಮೆಲ್ಲಗೆ ಮಾತಾಡೇ," ಎಂದರು ಮೇಷ್ಟ್ರು. "ಮೊದ್ಲ ಪಂಕ್ತಿ ಕೂತೈತೆ."