ನಾಲ್ಕನೇ ನಂಬರಿನ ತಾಳ

"ಅಯ್ಯೋ, ಅದು ನಾನೇ!" ಎಂದು ಅಮ್ಮ ಕೂಗಿದಳು.

ವಿಚಾರಣೆಯ ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ತಾನು ಕೂಗಿದ್ದು ಅಮ್ಮನಿಗೆ ಗೊತ್ತಿರಲಿಲ್ಲ. ತನ್ನ ದನಿ ತನಗೆ ಕೇಳಿಸದೆ ಆರು ವರ್ಷವಾಗಿತ್ತು. ಪಿಸುಮಾತು ಎಂದುಕೊಂಡು ಆಡಿದ್ದೆಲ್ಲ ಬೀದಿಯ ತುದಿ ಮುಟ್ಟುತ್ತಿತ್ತು. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಕಂಪನಿಯ ವಕೀಲ ಹಾಕಿದ ವಿಡಿಯೋ ಓಡುತ್ತಿತ್ತು. ಅದರಲ್ಲಿ ಅವಳ ಮಗಳು ಹಾಡುತ್ತಿದ್ದಳು, ಮಗಳ ಗೆಳೆಯ ಗಿಟಾರ್ ನುಡಿಸುತ್ತಿದ್ದ, ಇಬ್ಬರ ನಡುವೆ ಅಮ್ಮ ಕಾಲು ಚಾಚಿ ಕೂತು, ಸ್ಪೀಕರಿನ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿದ್ದಳು. ತನ್ನ ಮುಖ ಅಷ್ಟು ದೊಡ್ಡದಾಗಿ ಕಂಡದ್ದಕ್ಕೆ ನಾಚಿ ಅವಳೀಗ ಕೂದಲು ಸರಿಮಾಡಿಕೊಂಡಳು.

ವಕೀಲ ವಿಡಿಯೋ ನಿಲ್ಲಿಸಿ ವಿಚಾರಣೆ ನಡೆಸುತ್ತಿದ್ದ ಅಧಿಕಾರಿಯ ಕಡೆ ತಿರುಗಿದ. "ನೋಡಿದ್ರಲ್ಲ ಸರ್. ಇಷ್ಟು ದೊಡ್ಡ ಸ್ಪೀಕರು, ಹಂಚಿನ ಮನೆ ಒಂದೇ ಕೋಣೆ. ಪಕ್ಕದಲ್ಲೇ ಅಂಟಿಕೊಂಡು ಕೂತಿದ್ದಾರೆ. ಆಮೇಲೆ ಕಿವಿ ಹೋಯ್ತು, ಕಾರ್ಖಾನೆ ಪರಿಹಾರ ಕೊಡಲಿ ಅಂತಾರೆ."

ಆ ಸ್ಪೀಕರು ಅಲ್ಲೇ ಮೇಜಿನ ಮೇಲಿತ್ತು. ನೀರಿನ ಬಿಂದಿಗೆಗಿಂತ ತುಸು ದೊಡ್ಡದು. ಹಾಜರುಪಡಿಸಿ ಎಂದು ನೋಟೀಸು ಬಂದಿದ್ದರಿಂದ ಗೆಳೆಯ ಅದನ್ನು ಹೆಗಲ ಮೇಲೆ ಹೊತ್ತು ತಂದಿದ್ದ. ಗುಮಾಸ್ತ ಅದರ ನೆತ್ತಿಗೆ ಒಂದು ಬಿಳಿ ಚೀಟಿ ಅಂಟಿಸಿ ನಂಬರು ಬರೆದಿದ್ದ.

ಮಗಳು ಉಗುರು ಕಚ್ಚುತ್ತ ಕೂತಿದ್ದಳು. ಆ ವಿಡಿಯೋ ಇವತ್ತು ಇಲ್ಲಿ ಓಡುತ್ತಿದ್ದದ್ದು ಅವಳಿಂದಲೇ.

ಡಬ್ಬಿಯ ಮುಚ್ಚಳ ಅಚ್ಚೊತ್ತುವ ಶೆಡ್ಡಿನಲ್ಲಿ ಅಮ್ಮ ಇಪ್ಪತ್ತಾರು ವರ್ಷ ನಿಂತಿದ್ದಳು. ತಗಡು ಒಳಗೆ, ಕಾಲಡಿಯ ಪೆಡಲು ಕೆಳಗೆ, ಮುಚ್ಚಳ ಹೊರಗೆ. ಕಿವಿಗೆ ಹತ್ತಿ ಇಟ್ಟುಕೊಳ್ಳಿ ಎಂದು ಗೋಡೆಯ ಮೇಲೆ ಬೋರ್ಡು ಹಾಕಿದ್ದರು, ಹತ್ತಿ ಕೊಟ್ಟಿರಲಿಲ್ಲ. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಯಾರ ಕಿವಿಯನ್ನೂ ಪರೀಕ್ಷೆ ಮಾಡಿಸಿರಲಿಲ್ಲ, ಆಮೇಲೂ ಮಾಡಿಸಲಿಲ್ಲ. ಹಾಗಾಗಿ ಹನ್ನೊಂದು ಹೆಂಗಸರ ಕಿವಿ ಯಾವಾಗ ಹೋಯಿತು ಎನ್ನುವುದಕ್ಕೆ ಒಂದು ತುಂಡು ಕಾಗದವೂ ಇರಲಿಲ್ಲ. ಹನ್ನೊಂದರಲ್ಲಿ ಅಮ್ಮನದು ಮೊದಲ ಅರ್ಜಿ. ಅದು ನಿಂತರೆ ಉಳಿದ ಹತ್ತೂ ನಿಲ್ಲುತ್ತವೆ, ಬಿದ್ದರೆ ಹತ್ತೂ ಮಕಾಡೆ ಬೀಳುತ್ತವೆ ಎಂದು ಕಾರ್ಮಿಕರ ಸಂಘ ನಡೆಸುವ ಸಂಘದಕ್ಕ ಮೊದಲ ದಿನವೇ ಹೇಳಿದ್ದಳು. ಸಂಘದಕ್ಕ ಅದೇ ಶೆಡ್ಡಿನಲ್ಲಿ ಹೆಬ್ಬೆರಳಿನ ತುದಿ ಬಿಟ್ಟು ಬಂದವಳು. ಈಗ ಬಟ್ಟೆ ಚೀಲದ ತುಂಬ ಫೈಲು ತುಂಬಿಕೊಂಡು ಕಚೇರಿಯಿಂದ ಕಚೇರಿಗೆ ಓಡಾಡುವವಳು.

ಮಗಳು ಅದೇ ಕಾರ್ಖಾನೆಯ ಪ್ಯಾಕಿಂಗಿನಲ್ಲಿದ್ದಳು. ರಟ್ಟಿನ ಪೆಟ್ಟಿಗೆಗೆ ಮುಚ್ಚಳ ಜೋಡಿಸುತ್ತ ಇಡೀ ದಿನ ಏನಾದರೂ ಗುನುಗುತ್ತಿದ್ದಳು. ಅದಕ್ಕೆ ಅವಳಿಗೆ ರೇಡಿಯೋ ಎಂದು ಹೆಸರು ಬಿದ್ದಿತ್ತು. "ಏ ರೇಡಿಯೋ, ಸ್ಟೇಷನ್ ಬದಲಾಯಿಸೇ, ನಿದ್ದೆ ಬರ್ತಿದೆ" ಎನ್ನುತ್ತಿದ್ದರು. ಮೊಬೈಲು ರಿಪೇರಿ ಮಾಡುವ ಗೆಳೆಯನಿಗೆ ಬೆಸುಗೆ ಎಂದು ಹೆಸರು. ಅವನ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಇಬ್ಬರೂ ಹಾಡು ಕಟ್ಟುತ್ತಿದ್ದರು. ಎರಡು ವರ್ಷದಲ್ಲಿ ಹದಿನಾಲ್ಕು ಹಾಡು ಕಟ್ಟಿ ನೆಟ್ಟಿಗೆ ಹಾಕಿದ್ದರು. ಒಂದೊಂದನ್ನೂ ಕೇಳಿದವರು ಎಷ್ಟು ಜನ ಎಂದರೆ, ಅವರ ಹೆಸರುಗಳನ್ನೆಲ್ಲ ಮಗಳು ಬಾಯಿಪಾಠ ಹೇಳಬಲ್ಲವಳಾಗಿದ್ದಳು.

ಹದಿನೈದನೆಯದು ಅಮ್ಮನ ಹಾಡು.

ಅದಕ್ಕೆ ತಾಳ ಸಿಕ್ಕಿರಲಿಲ್ಲ. ಬೆಸುಗೆ ಡಬ್ಬ ಬಡಿದ, ಬಕೆಟ್ ಬಡಿದ, ಕಂಪ್ಯೂಟರಿನ ಡ್ರಮ್ಮು ಹಾಕಿ ನೋಡಿದ, ಯಾವುದೂ ಕೂಡಲಿಲ್ಲ. ಕೊನೆಗೆ ಮಗಳು ಒಂದು ದಿನ ಊಟದ ಡಬ್ಬಿಯ ಕೆಳ ಅಂತಸ್ತಿನಲ್ಲಿ ಮೊಬೈಲು ಇಟ್ಟುಕೊಂಡು ಗೇಟು ದಾಟಿದಳು. ಒಳಗೆ ಮೊಬೈಲು ಒಯ್ಯುವಂತಿಲ್ಲ, ಸಿಕ್ಕಿಬಿದ್ದರೆ ಅವತ್ತೇ ಮನೆ. ನಾಲ್ಕನೇ ನಂಬರಿನ ಪ್ರೆಸ್ಸಿನ ಪಕ್ಕ ಡಬ್ಬಿ ಮರೆತವಳ ಹಾಗೆ ಬಿಟ್ಟು ಹತ್ತು ನಿಮಿಷ ಸುತ್ತಾಡಿ ಬಂದಳು. ಅಮ್ಮ ನಿಂತಿದ್ದದ್ದು ಆ ಮಿಷನ್ನಿಗೇ. ಅದರ ಒಂದು ಸ್ಪ್ರಿಂಗು ಯಾವತ್ತೋ ಸೋತಿತ್ತು. ಮೂರು ಪೆಟ್ಟು ಸಮನಾಗಿ ಬಿದ್ದು, ನಾಲ್ಕನೆಯದು ಅರೆಕ್ಷಣ ತಡೆದು ಬೀಳುತ್ತಿತ್ತು. ಹೆಂಗಸರು ಅದನ್ನು ಕುಂಟಿ ಎನ್ನುತ್ತಿದ್ದರು.

"ಇದೇ ಕಣೇ!" ಎಂದ ಬೆಸುಗೆ, ಕಿವಿಯಿಂದ ಇಯರ್‌ಫೋನು ಕಿತ್ತು. "ಈ ಕುಂಟು ಯಾವ ಡ್ರಮ್ಮರ್ ಕೈಲೂ ಬರಲ್ಲ."

ಹಾಡು ಹೀಗೆ ಶುರುವಾಗುತ್ತಿತ್ತು:

ಸಾವಿರ ಡಬ್ಬಿಗೆ ಮುಚ್ಚಳ ಹೊಡೆದೆ,
ಒಂದು ನಿನ್ನ ಕಿವಿಗೆ ಬಿತ್ತು.

ರಜೆಯ ದಿನ ಮಧ್ಯಾಹ್ನ, ಕಿಟಕಿಗೆ ಹಾಸಿಗೆ ಒರಗಿಸಿ, ಬಾಗಿಲ ಸಂದಿಗೆ ಹಳೆ ಬಟ್ಟೆ ತುರುಕಿ, ಬೆವರು ಒರೆಸಿಕೊಳ್ಳುತ್ತ ರೆಕಾರ್ಡು ಮಾಡಿದರು. ಅಮ್ಮ ಒಳಗೆ ಬಂದು ಇಬ್ಬರ ತುಟಿಗಳನ್ನೂ ನೋಡಿದಳು, ಏನೂ ತಿಳಿಯಲಿಲ್ಲ. ನೆಲದ ಮೇಲೆ ಕೂತು ಸ್ಪೀಕರಿನ ಮೇಲೆ ಕೈಯಿಟ್ಟಳು. ಸ್ವಲ್ಪ ಹೊತ್ತಿಗೆ ಅವಳ ತೋರುಬೆರಳು ಎದ್ದು ಬೀಳತೊಡಗಿತು. ಬೆಸುಗೆ ಮೊಬೈಲನ್ನು ಗೋಡೆಗೆ ಒರಗಿಸಿ ವಿಡಿಯೋ ಹಿಡಿದ. ಮಗಳು ಕಟ್ಟಿದ ಹಾಡನ್ನು ಅಮ್ಮ ಕೇಳಿದ್ದು ಅದೇ ಮೊದಲು. ಅದಕ್ಕೇ ಅವರು ಅದನ್ನು ನೆಟ್ಟಿಗೆ ಹಾಕಿದ್ದು.

ಅದು ಹಬ್ಬಿತು. ಸಾವಿರ, ಹತ್ತು ಸಾವಿರ, ಲಕ್ಷ. ಎಲ್ಲಿಯವರೋ ಅತ್ತೆವು ಎಂದು ಬರೆದರು. ಪ್ಯಾಕಿಂಗಿನ ಹೆಂಗಸರು "ನಮ್ಮ ರೇಡಿಯೋ ಟೀವಿ ಆಗ್ಬಿಟ್ಳು" ಎಂದು ನಕ್ಕರು. ದೊಡ್ಡ ಸಂಗೀತ ಮೇಳದವರು ವೇದಿಕೆಗೆ ಕರೆದರು. ಸಂಭಾವನೆ ಇಲ್ಲ, ಪ್ರಚಾರ ಸಿಗುತ್ತದೆ ಎಂದರು. ಇಬ್ಬರ ಹೆಸರು ಪೋಸ್ಟರಿನ ಕೊನೆಯ ಸಾಲಿನಲ್ಲಿ ಇರುವೆಯಷ್ಟು ಗಾತ್ರದಲ್ಲಿ ಬಂತು. ಮಗಳು ಅದನ್ನು ದೊಡ್ಡದು ಮಾಡಿ ಮಾಡಿ ನೋಡಿದಳು.

ಅದೇ ವಾರ ಸಂಘದಕ್ಕ ಮನೆಗೆ ಬಂದಳು. ಚೀಲ ಕೆಳಗಿಡದೆ ಬಾಗಿಲಲ್ಲೇ ನಿಂತು ಹೇಳಿದಳು: "ಮಗಾ, ಆ ವಿಡಿಯೋ ತೆಗೆದುಬಿಡು. ವಿಚಾರಣೆ ಹತ್ರ ಬಂತು. ಅವರ ಕಣ್ಣಿಗೆ ಬಿದ್ರೆ ಕೆಲಸ ಕೆಡುತ್ತೆ."

"ಅದರಲ್ಲಿ ಏನಿದೆ ಅಕ್ಕಾ? ಅಮ್ಮಂಗೆ ಕೇಳಿಸಲ್ಲ ಅಂತಾನೇ ತೋರಿಸುತ್ತಲ್ಲ."

"ನಿನಗೆ ಹಾಗೆ ಕಾಣುತ್ತೆ. ಅವನು ವಕೀಲ ಕಣೇ, ಅವನಿಗೆ ಬೇರೆ ಥರ ಕಾಣುತ್ತೆ."

"ಒಂದೇ ಒಂದು ವಾರ ಅಕ್ಕಾ. ಮೇಳ ಮುಗೀಲಿ. ಅದನ್ನ ನೋಡಿಯೇ ಅವರು ನಮ್ಮನ್ನ ಕರೆದಿರೋದು. ಮಾರನೇ ದಿನವೇ ತೆಗೀತೀನಿ, ನಿಮ್ಮಾಣೆ."

"ನನ್ನ ಆಣೆ ಯಾಕೆ, ನಾನು ಹೋದ್ರೆ ಅರ್ಜಿ ಯಾರು ನೋಡ್ಕೋತಾರೆ?" ಎಂದು ಸಂಘದಕ್ಕ ನಕ್ಕಳು. ಆದರೆ ಮೆಟ್ಟಿಲು ಇಳಿಯುವಾಗ ಎರಡು ಸಲ ತಿರುಗಿ ನೋಡಿದಳು.

ಮೇಳದಲ್ಲಿ ಅವರಿಗೆ ಸಿಕ್ಕಿದ್ದು ಮಧ್ಯಾಹ್ನ ಎರಡೂವರೆ. ಸುಡುವ ಬಿಸಿಲು, ಸಾವಿರ ಖಾಲಿ ಕುರ್ಚಿ. ಹದಿನೇಳು ಜನ ಇದ್ದರು; ಅದರಲ್ಲಿ ಐವರು ಕುರ್ಚಿ ಜೋಡಿಸುವವರು. ಎರಡನೇ ಹಾಡಿನ ನಡುವೆ ಮೈಕಿನವನು ಕೈ ಎತ್ತಿ ಗಡಿಯಾರ ತೋರಿಸಿದ. ದೊಡ್ಡ ತಂಡದವರು ಸೌಂಡ್ ಪರೀಕ್ಷೆಗೆ ಬಂದಿದ್ದರು. ಅಮ್ಮನ ಹಾಡು ಮೂರನೆಯದಾಗಿತ್ತು. ಅದನ್ನು ಹಾಡಲಾಗಲಿಲ್ಲ. ಮಗಳು ಮಾರನೇ ದಿನ ವಿಡಿಯೋ ತೆಗೆದಳು. ಅಷ್ಟರಲ್ಲಿ ಅದರ ಪ್ರತಿ ಕಂಪನಿಯ ಫೈಲು ಸೇರಿತ್ತು. ಬೇರೆಯಾಗಿ ಹಾಕಿದ್ದ ಬರೀ ಹಾಡೊಂದೇ ನೆಟ್ಟಿನಲ್ಲಿ ಉಳಿದಿತ್ತು.

"ನೀವೇ ಹೇಳಿ" ಎಂದ ವಕೀಲ ಈಗ ಮಗಳ ಕಡೆ ತಿರುಗಿ. "ನಿಮ್ಮ ತಾಯಿ ಸ್ಪೀಕರಿನ ಪಕ್ಕ ಕೂರ್ತಾ ಇದ್ದದ್ದು ನಿಜ ತಾನೇ?"

"ಕೇಳಿಸಲ್ಲ ಅಂತಾನೇ ಕೂತಿದ್ದು ಸರ್. ಕೈಯಲ್ಲಿ ಕೇಳೋಕೆ."

"ಕೈಯಲ್ಲಿ ಕೇಳೋಕೆ!" ವಕೀಲ ಅಧಿಕಾರಿಯ ಕಡೆ ನೋಡಿ ಮುಗುಳ್ನಕ್ಕ. "ಅಲ್ಲಮ್ಮಾ, ಬೆರಳಲ್ಲಿ ಸರಿಯಾಗಿ ತಾಳ ಹಾಕ್ತಿದ್ದಾರಲ್ಲ. ಕೇಳಿಸುತ್ತೆ ಅನ್ನೋದಾದ್ರೆ ಅರ್ಜಿ ಸುಳ್ಳು. ಕೇಳಿಸಲ್ಲ ಅನ್ನೋದಾದ್ರೆ, ಕೆಡಿಸಿದ್ದು ಈ ಪೆಟ್ಟಿಗೆ. ಎರಡರಲ್ಲಿ ಯಾವುದು ಅಂತ ನೀವೇ ಆರಿಸ್ಕೊಳ್ಳಿ."

ಕಂಪನಿಯ ಮ್ಯಾನೇಜರು ಅವನ ಪಕ್ಕದಲ್ಲಿ ಕೂತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದ. "ಶೆಡ್ಡಿನಲ್ಲಿ ಅಂಥ ಸದ್ದೇನೂ ಇಲ್ಲ ಸರ್" ಎಂದ. "ಮಾತಾಡಿದ್ರೆ ಕೇಳಿಸುತ್ತೆ. ಬೇಕಾದ್ರೆ ಬಂದು ನೋಡಿ."

"ಹೋದ ತಿಂಗಳು ಬಂದಿದ್ವಲ್ಲ" ಎಂದಳು ಸಂಘದಕ್ಕ. "ಅವತ್ತು ಆರು ಮಿಷನ್ ಬಂದ್ ಮಾಡಿದ್ರಿ. ಉಳಿದ ಎರಡರ ಮುಂದೆ ನಿಂತು, ಕೇಳಿಸುತ್ತಾ ಕೇಳಿಸುತ್ತಾ ಅಂತ ಕೇಳಿದ್ರಿ."

ಮಗಳು ಬೆಸುಗೆಯ ಕಡೆ ನೋಡಿದಳು. ಆ ಹತ್ತು ನಿಮಿಷ ಇನ್ನೂ ಅವಳ ಮೊಬೈಲಿನಲ್ಲಿತ್ತು. ಅದನ್ನು ಇಲ್ಲಿ ಕೇಳಿಸಿದರೆ ಕದ್ದು ರೆಕಾರ್ಡು ಮಾಡಿದ್ದು ತಾನೇ ಎಂದು ಒಪ್ಪಿಕೊಂಡ ಹಾಗೆ. ಕೆಲಸ ಹೋಗುತ್ತದೆ. ಹಾಡಿನ ತಾಳ ಎಲ್ಲಿಯದು ಎಂದು ತಿಳಿದ ಮೇಲೆ ಹಾಡನ್ನೂ ಇರಗೊಡುವುದಿಲ್ಲ. ಎರಡು ವರ್ಷದಲ್ಲಿ ಅವರ ಕೈಹಿಡಿದ ಒಂದೇ ಒಂದು ಹಾಡು. ಬೆಸುಗೆ ನೆಲ ನೋಡಿದ. ಆಮೇಲೆ ಜೇಬಿನಿಂದ ವೈರು ತೆಗೆದು ಅವಳ ಕೈಗೆ ಕೊಟ್ಟ.

"ಸರ್, ಶೆಡ್ಡಿನ ಸದ್ದು ಇಲ್ಲಿದೆ" ಎಂದಳು ಮಗಳು. "ಕೇಳಿ."

ಅಧಿಕಾರಿ ಏನೋ ಹೇಳುವಷ್ಟರಲ್ಲಿ ಬೆಸುಗೆ ಸ್ಪೀಕರನ್ನು ಗೋಡೆಯ ಪ್ಲಗ್ಗಿಗೆ ಹಾಕಿದ, ಅವಳು ಅದರಿಂದ ಮೊಬೈಲಿಗೆ ವೈರು ಸಿಕ್ಕಿಸಿ ಗುಂಡಿ ಒತ್ತಿದಳು.

ದಡ್. ದಡ್. ದಡ್. ...ದಡ್.

ಕಿಟಕಿಯ ಗಾಜು ನಡುಗಿತು. ಗುಮಾಸ್ತ ಪೆನ್ನು ಬಿಟ್ಟು ಎರಡೂ ಕಿವಿ ಮುಚ್ಚಿಕೊಂಡ. ಅಧಿಕಾರಿ ಕುರ್ಚಿಯಲ್ಲಿ ಹಿಂದೆ ಸರಿದ. ಪಕ್ಕದ ಕೋಣೆಯಿಂದ ಯಾರೋ ಓಡಿಬಂದು ಇಣುಕಿದರು. "ಇದು ಅಲ್ಲಿಯ ಅರ್ಧವೂ ಇಲ್ಲ ಸರ್!" ಎಂದು ಮಗಳು ಕಿರುಚುತ್ತಿದ್ದದ್ದು ಯಾರಿಗೂ ಕೇಳಿಸಲಿಲ್ಲ. ವಕೀಲನ ಬಾಯಿ ತೆರೆದು ಮುಚ್ಚುತ್ತಿತ್ತು. ಅವನ ಮಾತೂ ಕೇಳಿಸಲಿಲ್ಲ. ಅಷ್ಟು ಹೊತ್ತು ಆ ಕೋಣೆಯಲ್ಲಿ ಎಲ್ಲರೂ ಅಮ್ಮನ ಹಾಗೇ ಇದ್ದರು.

ಅಮ್ಮ ಮಾತ್ರ ಸುಮ್ಮನೆ ಎಲ್ಲರ ಮುಖ ನೋಡಿದಳು. ಇವರೆಲ್ಲ ಯಾಕೆ ಕಿವಿ ಹಿಡಿದುಕೊಂಡಿದ್ದಾರೆ ಎಂದು ತಿಳಿಯದೆ ಮೇಜಿನ ಅಂಚಿಗೆ ಕೈ ಇಟ್ಟಳು. ಕೈ ಅಲ್ಲೇ ನಿಂತಿತು. ಅವಳ ಮುಖ ಅರಳಿತು.

"ಕುಂಟಿ!" ಎಂದು ಕೂಗಿದಳು, ಆ ಸದ್ದನ್ನೂ ಮೀರಿಸಿ. "ನಾಲ್ಕನೇ ನಂಬರು! ನಮ್ಮ ಕುಂಟಿ!" ಆಮೇಲೆ ಮ್ಯಾನೇಜರನ ಕಡೆ ತಿರುಗಿ, ಕೇರಿಯವನೊಬ್ಬನನ್ನು ವಿಚಾರಿಸುವ ಹಾಗೆ ಕೇಳಿದಳು: "ಏನ್ ಸ್ವಾಮಿ, ಇನ್ನೂ ಆ ಸ್ಪ್ರಿಂಗ್ ಹಾಕಿಸಿಲ್ವಾ?"

ಬಾಗಿಲಲ್ಲಿ ಇಣುಕಿದ್ದವನು ನಕ್ಕುಬಿಟ್ಟ. ಮ್ಯಾನೇಜರು ಎದ್ದು ವೈರು ಕಿತ್ತ.

ಕಿವಿಯಲ್ಲಿ ಗುಂಯ್ ಎನ್ನುವುದು ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. "ಅನುಮತಿ ಇಲ್ಲದೆ, ಕಾರ್ಖಾನೆ ಒಳಗೆ, ಕಳ್ಳತನದಿಂದ ಹಿಡಿದಿದ್ದು ಸರ್" ಎಂದ ವಕೀಲ. "ಸಾಕ್ಷಿ ಅಂತ ತಗೊಳ್ಳೋ ಹಾಗಿಲ್ಲ. ವಾಲ್ಯೂಮು ಎಷ್ಟು ಬೇಕಾದ್ರೂ ಏರಿಸಬಹುದು."

"ಈ ಅಮ್ಮ ಗುರುತು ಹಿಡಿದ್ರಲ್ಲ ಸರ್!" ಎಂದಳು ಸಂಘದಕ್ಕ. "ಕಿವಿ ಇಲ್ಲದೆ, ಬರೀ ಕೈಯಲ್ಲಿ. ಇಪ್ಪತ್ತಾರು ವರ್ಷ ನಿಂತೋರಿಗೆ ಬಿಟ್ಟು ಇನ್ಯಾರಿಗೆ ಬರುತ್ತೆ ಅದು?"

ಅಧಿಕಾರಿ ಕನ್ನಡಕ ತೆಗೆದು ಒರೆಸಿದ. ಆಮೇಲೆ ಗುಮಾಸ್ತನಿಗೆ, "ಇದನ್ನ ಬರ್ಕೋಬೇಡಿ" ಎಂದ.

ಮೂರು ವಾರ ಬಿಟ್ಟು ಆದೇಶ ಬಂತು: ಅರ್ಜಿ ವಜಾ. ಶ್ರವಣದೋಷ ಮನೆಯಲ್ಲಿನ ಸಂಗೀತ ಚಟುವಟಿಕೆಯಿಂದ ಉಂಟಾಗಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದಿತ್ತು. ಅಷ್ಟರಲ್ಲಿ ಮಗಳ ಗೇಟು ಕಾರ್ಡು ಕಿತ್ತುಕೊಂಡಿದ್ದರು. ಹಾಡಿನ ಮೇಲೂ ಕಂಪನಿ ದೂರು ಕೊಟ್ಟಿತ್ತು: ತಮ್ಮ ಆವರಣದ, ತಮ್ಮ ಯಂತ್ರದ ಸದ್ದನ್ನು ಬಳಸಿಕೊಂಡಿದ್ದಾರೆ ಎಂದು. ನೆಟ್ಟಿನಲ್ಲಿ ಹಾಡು ಇದ್ದ ಜಾಗದಲ್ಲಿ ಈಗ ಒಂದು ಬೂದು ಚೌಕ ಕಾಣುತ್ತಿತ್ತು.

ಸಂಘದಕ್ಕ ಎರಡೂ ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದಳು. "ನೋಡಿದ್ರಾ ಇವರ ಚೆಂದ? ನಿಮ್ಮ ಹಾಡೊಳಗೆ ಬಂದ್ರೆ ಆ ಸದ್ದು ಅವರದ್ದು. ಇವಳ ಕಿವಿಯೊಳಗೆ ಹೋಗಿದ್ದಕ್ಕೆ ಮಾತ್ರ ವಾರಸುದಾರರಿಲ್ಲ." ಕಾಗದಗಳನ್ನು ಮಡಿಸಿ ಚೀಲಕ್ಕೆ ತುರುಕಿದಳು. "ಮೇಲಿನ ಕಚೇರಿಗೆ ಹೋಗೋಣ. ಇನ್ನೂ ಹತ್ತು ಜನ ಇದ್ದಾರೆ." ವಿಡಿಯೋದ ಮಾತು ಅವಳು ಎತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಮಗಳಿಗೆ.

ಸಂಘದಕ್ಕ ಹೋದ ಮೇಲೆ ಬೆಸುಗೆ ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ಪು ಎಳೆದ. ಗಿರಾಕಿಗಳು ಕಾಯುತ್ತಿರುತ್ತಾರೆ ಎಂದ. ಹೊಸ ತಾಳ ಹಾಕಿ ಇನ್ನೊಂದು ಸಲ ರೆಕಾರ್ಡು ಮಾಡೋಣವೇ ಎಂದು ಮಗಳು ಕೇಳಲಿಲ್ಲ, ಅವನೂ ಹೇಳಲಿಲ್ಲ.

"ಏನಂತೆ?" ಎಂದಳು ಅಮ್ಮ ಒಲೆಯ ಬಳಿಯಿಂದ ಎದ್ದು ಬಂದು. ಕೈಯ ಒದ್ದೆಯನ್ನು ಬಟ್ಟೆಗೆ ಒರೆಸಿಕೊಂಡು ಮಗಳ ತುಟಿಯನ್ನೇ ನೋಡುತ್ತ ನಿಂತಳು. ಮಗಳ ತುಟಿ ಅಲುಗಲಿಲ್ಲ. ಅಮ್ಮ ಬೆಸುಗೆಯ ತುಟಿ ನೋಡಿದಳು. ನಿಧಾನವಾಗಿ ಗೋಡೆ ಹಿಡಿದು ಕೂತು, ಕಾಲು ಚಾಚಿ, ಮೂಲೆಯಲ್ಲಿದ್ದ ಸ್ಪೀಕರನ್ನು ಹತ್ತಿರ ಎಳೆದುಕೊಂಡಳು. ಅದರ ನೆತ್ತಿಯ ಮೇಲೆ ಕಚೇರಿಯ ಬಿಳಿ ಚೀಟಿ ಹಾಗೇ ಅಂಟಿಕೊಂಡಿತ್ತು. ಅಮ್ಮ ಅದರ ಮೇಲೆಯೇ ಅಂಗೈಯಿಟ್ಟು ಕಣ್ಣು ಮುಚ್ಚಿದಳು.

ಸ್ಪೀಕರಿನ ವೈರು ಗೋಡೆಯಿಂದ ಬಿಚ್ಚಿ ನೆಲದ ಮೇಲೆ ಸುರುಳಿಯಾಗಿ ಬಿದ್ದಿತ್ತು. ಬಾಗಿಲಲ್ಲಿ ಒಂದು ಕಾಲಿಟ್ಟಿದ್ದ ಬೆಸುಗೆ ಹಾಗೇ ನಿಂತ. ಅಮ್ಮನ ತೋರುಬೆರಳು ಮೆಲ್ಲಗೆ ಎದ್ದು ಬಿತ್ತು. ಎದ್ದು ಬಿತ್ತು. ಎದ್ದು ಬಿತ್ತು. ಎದ್ದು, ಅರೆಕ್ಷಣ ತಡೆದು, ಬಿತ್ತು.