ಸುರಂಗದ ಬಾಯಲ್ಲಿ ಕೋಲಿರಲಿಲ್ಲ

ಅಲ್ಕೋರ್ಸಾಲಿನ ಬೆಟ್ಟಗಳಲ್ಲಿ ನೂರು ವರ್ಷದ ಹಿಂದೆ ರೈಲುದಾರಿ ಕಡಿದರು. ಹತ್ತೊಂಬತ್ತು ಸುರಂಗ ಕೊರೆದರು, ಕಣಿವೆಗೊಂದು ಸೇತುವೆ ಕಟ್ಟಿದರು, ನಿಲ್ದಾಣಗಳಿಗೆ ಸುಣ್ಣ ಹೊಡೆದು ಗಡಿಯಾರವನ್ನೂ ತೂಗುಹಾಕಿದರು. ರೈಲೊಂದು ಬರಲಿಲ್ಲ. ಹಳಿ ಹಾಕುವ ಹೊತ್ತಿಗೆ ಬೊಕ್ಕಸ ಬರಿದಾಯಿತು, ಆಮೇಲೆ ಯುದ್ಧ ಬಂತು, ಯುದ್ಧ ಮುಗಿದ ಮೇಲೆ ಕೇಳುವವರೇ ಇರಲಿಲ್ಲ. ಚಪ್ಪರ ಹಾಕಿದ ಮೇಲೆ ಗಂಡು ಬಾರದೇ ಹೋದ ಮನೆಯ ಹಾಗೆ ದಾರಿ ಸುಮ್ಮನೆ ಬಿದ್ದಿತ್ತು. ಈಗ ಅದರ ಮೇಲೆ ಸೈಕಲ್ಲುಗಳು ಓಡುತ್ತವೆ. ಸುತ್ತಲಿನ ಬೆಟ್ಟವೆಲ್ಲ ರಣಹದ್ದುಗಳಿಗೆ ಮೀಸಲಾದ ಕಾಡು. ಎಂಜಿನ್ನಿನ ಗಾಡಿ ಒಳಗೆ ಕಾಲಿಡುವಂತಿಲ್ಲ, ಮೇಯರ್ ಸಾಹೇಬರ ಕಾರಾದರೂ ಅಷ್ಟೇ. ಊರವರು ಇದನ್ನು ದೊಡ್ಡ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಈ ಕಾನೂನು ಬಂದಾಗ ಹತ್ತು ವರ್ಷ ಬೈದದ್ದು ತಾವೇ ಅನ್ನುವುದನ್ನು ಮಾತ್ರ ಹೇಳುವುದಿಲ್ಲ.

ಪ್ರುದೆನ್ಸಿಯೊ ಈ ದಾರಿಯ ಮಾರ್ಗದರ್ಶಿ. ಅರವತ್ತಮೂರು ವಯಸ್ಸು, ಕಡೆದಿಟ್ಟ ಹಾಗಿನ ಕಾಲು. ಹನ್ನೊಂದು ವರ್ಷದಿಂದ ಬೆಳಗ್ಗೆ ಒಂಬತ್ತಕ್ಕೆ ಎಂಟು ಹತ್ತು ಜನರನ್ನು ಬೆನ್ನಿಗೆ ಹಾಕಿಕೊಂಡು ಹಳೇ ನಿಲ್ದಾಣದಿಂದ ಹೊರಡುತ್ತಿದ್ದ. ಮುಂದೆ ಅವನು, ಬಾಲದಲ್ಲಿ ಅವನ ತಂಗಿಯ ಮಗಳು ಅರಾಸೆಲಿ. ಅರಾಸೆಲಿಯ ಗಂಡ ಸತ್ತ ಮೇಲೆ ಅವಳಿಗೆ ಇವನೇ ದಿಕ್ಕು. ಇವನಿಗೆ ಇದ್ದದ್ದು ಆ ತಂಗಿಮಗಳು, ಅವಳ ಹತ್ತು ವರ್ಷದ ಮಗಳು, ಮತ್ತೆ ಈ ದಾರಿ ಎಂದು ಊರವರು ತಮಾಷೆಗೆ ಹೇಳುತ್ತಿದ್ದರು.

ಅವನಿಗೊಂದು ಗುಟ್ಟಿತ್ತು. ಮೂರು ವರ್ಷದಿಂದ ಅವನಿಗೆ ಇರುಳುಗುರುಡು. ಬಿಸಿಲಿನಲ್ಲಿ ಬಂಡೆಯ ತುದಿಯ ಹದ್ದಿನ ಗೂಡನ್ನೂ ತೋರಿಸುವನು, ಕತ್ತಲೆಗೆ ಹೊಕ್ಕರೆ ಕಣ್ಣಿಗೆ ಗೋಣಿ ಕಟ್ಟಿದಂತೆ. ದೀಪ ಹಚ್ಚಿದರೂ ಮಸುಕಾದ ಒಂದು ಬಿಳಿ, ಅಷ್ಟೇ. ಪ್ರತಿ ವಸಂತಕ್ಕೆ ವೈದ್ಯರ ಚೀಟಿ ತಂದರೇ ಪರವಾನಗಿ. ವೈದ್ಯರು ಕಿಟಕಿಯ ಬೆಳಕಲ್ಲಿ ಗೋಡೆಯ ಅಕ್ಷರ ಓದಿಸುತ್ತಿದ್ದರು, ಇವನು ಕೊನೆಯ ಸಾಲಿನವರೆಗೆ ಗಡಗಡ ಓದಿ ಬರುತ್ತಿದ್ದ. ಕೇಳದ್ದನ್ನು ಹೇಳುವ ಅಭ್ಯಾಸ ಅವನಿಗೆ ಮೊದಲಿನಿಂದಲೂ ಇಲ್ಲ.

ಹಾಗಾದರೆ ಸುರಂಗ ದಾಟುತ್ತಿದ್ದದ್ದು ಹೇಗೆ? ಎಣಿಸಿ. ಪ್ರತಿ ಸುರಂಗಕ್ಕೂ ಒಂದೇ ಗೇರು, ಒಂದೇ ವೇಗ, ಇಷ್ಟು ತುಳಿತ. ಎಲ್ಲದಕ್ಕಿಂತ ಉದ್ದದ ಒಂಬತ್ತನೆಯದಕ್ಕೆ ಇನ್ನೂರ ಎಂಬತ್ತಾರು, ನೂರಾ ಹತ್ತಕ್ಕೆ ಎಡಕ್ಕೆ ತಿರುವು. ಅಲ್ಲಿ ಬಾವಲಿಗಳಿರುವುದರಿಂದ ಒಳಗೆ ದೀಪದ ಕಂಬ ಹಾಕಿಲ್ಲ. ಬಂದವರು ತಂತಮ್ಮ ಸೈಕಲ್ಲಿನ ಪುಟ್ಟ ದೀಪ ಹಚ್ಚಿಕೊಂಡು, ಮುಂದಿನ ಪ್ರುದೆನ್ಸಿಯೊನ ಬೆನ್ನು ನೋಡಿಕೊಂಡು ಬರುತ್ತಿದ್ದರು. ಕತ್ತಲಲ್ಲೂ ಗೆರೆ ಎಳೆದ ಹಾಗೆ ಹೋಗುತ್ತಾನಲ್ಲ ಎಂದು ಹೊಗಳುತ್ತಿದ್ದರು. ಹೊಗಳಿಕೆ ಕೇಳಿ ಅವನಿಗೂ ಧೈರ್ಯ ಬಂದಿತ್ತು. ಮೊದಲ ವರ್ಷ ಇದ್ದ ಹೆದರಿಕೆ ಮೂರನೆಯ ವರ್ಷಕ್ಕೆ ಇರಲಿಲ್ಲ.

ಒಂಬತ್ತನೆಯ ಸುರಂಗಕ್ಕೆ ಇನ್ನೊಬ್ಬ ವಾರಸುದಾರನೂ ಇದ್ದ. ಆಡು ಕಾಯುವ ಬಸಿಲಿಯೊ. ಜೂನಿನಿಂದ ಸೆಪ್ಟೆಂಬರ್‌ವರೆಗೆ ನಡುಹಗಲ ಬಿಸಿಲಿಗೆ ಅವನ ನೂರನಲವತ್ತು ಆಡು ಅದರೊಳಗೇ ಮಲಗಿ ಮೆಲುಕು ಹಾಕಬೇಕು. ಆ ಬೋಳು ಬೆಟ್ಟದಲ್ಲಿ ಬೇರೆ ನೆರಳಿಲ್ಲ. ಆಡು ಒಳಗಿದ್ದಾಗ ಅವನು ಸುರಂಗದ ಎರಡೂ ಬಾಯಿಗೆ ಕೆಂಪು ಚಿಂದಿ ಕಟ್ಟಿದ ಒಂದೊಂದು ಆಲಿವ್ ಕೋಲು ಒರಗಿಸುತ್ತಿದ್ದ. ಕೋಲು ಕಂಡರೆ ಸೈಕಲ್ ಇಳಿದು ನಡೆಯಬೇಕು, ಬಸಿಲಿಯೊ ನಾಲಿಗೆ ಲೊಚಗುಟ್ಟಿಸಿ ಆಡುಗಳನ್ನು ಒಂದು ಗೋಡೆಗೆ ಸರಿಸುವನು. ಅವನ ಅಜ್ಜನ ಕಾಲದ ಪದ್ಧತಿ. ಯಾವ ಕಾಗದದಲ್ಲೂ ಬರೆದಿರಲಿಲ್ಲ, ಬೋರ್ಡೂ ಇರಲಿಲ್ಲ, ಒಂದು ದಿನವೂ ತಪ್ಪಿರಲಿಲ್ಲ.

ಜೂನ್ ಕೊನೆಯ ವಾರದಲ್ಲೊಂದು ದಿನ ತಪ್ಪಿತು. ಸ್ವಲ್ಪ ಮುಂಚೆ ಮಾರ್ಗದರ್ಶಿಯಿಲ್ಲದೆ ತಾವೇ ಬಂದಿದ್ದ ಯಾರೋ ನಾಲ್ವರು, ಕಣಿವೆಯೆದುರು ಸೈಕಲ್ಲು ನಿಲ್ಲಿಸಿ ಫೋಟೊ ತೆಗೆಯಲು ಆಸರೆಗೆಂದು, ಮೇಲ್ಬಾಯಿಯ ಕೋಲನ್ನು ಎತ್ತಿಕೊಂಡು ಹೋಗಿದ್ದರು. ಸೇತುವೆಯಾಚೆ ಪೊದೆಯಲ್ಲಿ ಆಮೇಲೆ ಸಿಕ್ಕಿತು. ಪ್ರುದೆನ್ಸಿಯೊ ಎಂಟು ಜನರೊಂದಿಗೆ ಬಂದಾಗ ಸುರಂಗದ ಬಾಯಿ ಖಾಲಿ. ಅವನು ಬಿಸಿಲಲ್ಲಿ ಚೆನ್ನಾಗಿಯೇ ನೋಡಿದ. ಕೋಲಿಲ್ಲ ಎಂದರೆ ಆಡಿಲ್ಲ. ಗೇರು ಹಾಕಿ ಒಂದು, ಎರಡು ಎಂದು ಎಣಿಸುತ್ತ ನುಗ್ಗಿದ.

ತೊಂಬತ್ತೆಂಟಕ್ಕೆ ಮುಂದಿನ ಗಾಲಿ ಏನೋ ಮೆತ್ತಗಿನದಕ್ಕೆ ಬಡಿಯಿತು. ಒಂದು ಚೀತ್ಕಾರ, ಆಮೇಲೆ ನೂರಾರು ಗೊರಸಿನ ಸದ್ದು, ಗಂಟೆಗಳ ಗಲಾಟೆ. ಅವನ ಮೇಲೆ ಹಿಂದಿನವ ಬಿದ್ದ. ಆತ ವಲೆನ್ಸಿಯಾದ ಸಂಗೀತದ ಮೇಷ್ಟ್ರು ಗಾಸ್ಪರ್, ಮೃದು ಮಾತಿನ ಮನುಷ್ಯ. ಹೆಗಲ ಎಲುಬು ಮುರಿದಿತ್ತು. ಒಂದು ಮರಿಯಾಡಿನ ಕಾಲೂ ಮುರಿದಿತ್ತು. ಉಳಿದವರಿಗೆ ತರಚು ಗಾಯ.

ಅರಾಸೆಲಿ ಎಲ್ಲರನ್ನೂ ಕೆಳಬಾಯಿಯ ಆಚೆ ಬೆಳಕಿಗೆ ಕರೆತಂದಳು, ತನ್ನ ಶಾಲಿನಲ್ಲಿ ಗಾಸ್ಪರನ ತೋಳನ್ನು ಕೊರಳಿಗೆ ಕಟ್ಟಿದಳು. ಆಂಬುಲೆನ್ಸು ಒಳಗೆ ಬರುವಂತಿಲ್ಲ, ಮೂರು ಸುರಂಗ ದಾಟಿ ಡಾಂಬರು ರಸ್ತೆ ಅಡ್ಡ ಬರುವಲ್ಲಿ ನಿಲ್ಲುತ್ತದೆ ಎಂದು ಫೋನಿನಲ್ಲಿ ಹೇಳಿದರು. ನಡೆಯುವ ಮೊದಲು ಸ್ವಲ್ಪ ಸುಧಾರಿಸಿಕೊಳ್ಳಲೆಂದು ಗಾಸ್ಪರನಿಗೆ ನೀರು ಕುಡಿಸಿದಳು. ಆತ ಯಾರನ್ನೂ ದೂರಬೇಕೆಂದು ಮಾತಾಡಿದ್ದಲ್ಲ, ನೋವು ಮರೆಯಲು ಮಾತಾಡಿದ.

“ನಂಗೆ ಅವರ ದೀಪದ ಬೆಳಕಲ್ಲಿ ಆಡು ಕಾಣ್ತಾನೇ ಇತ್ತಮ್ಮ. ಬೆಳ್ಳಗೆ ಮಲಗಿದ್ವು. ಗೈಡು ಗೊತ್ತಿದ್ದವರು, ಇನ್ನೇನು ನಿಲ್ಲಿಸ್ತಾರೆ ಅಂದ್ಕೊಂಡೆ.”

ಅರಾಸೆಲಿ ನೀರಿನ ಬಾಟಲಿಯ ಮುಚ್ಚಳ ಹಾಕಿದಳು. ಬಂಡೆಯ ಮೇಲೆ ಕೂತಿದ್ದ ಮಾವನ ಕಡೆ ತಿರುಗಿ ತುಂಬ ಹೊತ್ತು ನೋಡಿದಳು. ಪ್ರುದೆನ್ಸಿಯೊ ಮಂಡಿಯ ರಕ್ತ ಒರೆಸುವುದರಲ್ಲಿ ಮುಳುಗಿದವನಂತೆ ತಲೆ ತಗ್ಗಿಸಿದ. ಮಾತು ಅವನ ಕಿವಿಗೂ ಬಿದ್ದಿತ್ತು.

ಮುಕ್ಕಾಲು ಗಂಟೆಗೆ ಕಾಡಿನ ಅಧಿಕಾರಿ ಒರ್ತೆನ್ಸಿಯ ಸೈಕಲ್ ತುಳಿದುಕೊಂಡು ಬಂದಳು. ಒಳ್ಳೆಯ ಹೆಂಗಸು, ಆದರೆ ಕಾಗದದವಳು. ಯಾರು, ಎಲ್ಲಿ, ಎಷ್ಟು ಹೊತ್ತಿಗೆ ಎಂದು ಕೇಳಿ ಬರೆದುಕೊಂಡಳು. ಎಲ್ಲರ ಬಾಯಲ್ಲೂ ಒಂದೇ ಮಾತು: ಕೋಲಿರಲಿಲ್ಲ, ಪಾಪ ಪ್ರುದೆನ್ಸಿಯೊ ಏನು ಮಾಡಿಯಾನು. ಬಸಿಲಿಯೊ ಕಾಲು ಮುರಿದ ಮರಿಯನ್ನು ಹೆಗಲ ಮೇಲೆ ಹೊತ್ತು ನಿಂತಿದ್ದ. ಕೋಲು ಹೋದದ್ದು ತಾನು ನೋಡಬೇಕಿತ್ತು, ಕಣ್ಣು ಹತ್ತಿಬಿಟ್ಟಿತು, ತಪ್ಪು ತನ್ನದೇ ಎಂದು ಅವನೂ ಒಪ್ಪಿಕೊಂಡ.

ಒರ್ತೆನ್ಸಿಯ ನಿಟ್ಟುಸಿರಿಟ್ಟಳು. ಸುರಂಗದಲ್ಲಿ ಆಡು ಮಲಗಿಸುವುದನ್ನು ನಿಲ್ಲಿಸಿ ಎಂದು ಮೇಲಿನವರು ಎರಡು ವರ್ಷದಿಂದ ಕೇಳುತ್ತಿದ್ದಾರೆ, ತಾನು ಹೇಗೋ ತಡೆದಿದ್ದೆ, ಇನ್ನು ಆಗುವುದಿಲ್ಲ ಎಂದಳು. ಇವತ್ತಿನಿಂದ ಯಾವ ಸುರಂಗಕ್ಕೂ ಆಡು ಕೂಡದು.

“ಜುಲೈ ತಿಂಗಳು ಎಲ್ಲಿಗೆ ಕರ್ಕೊಂಡೋಗ್ಲಿ ತಾಯಿ?” ಎಂದ ಬಸಿಲಿಯೊ. “ಮಾರೋದೇ ಆಗತ್ತೆ.”

ಅವಳು ಬರೆಯುತ್ತಾ ಹೋದಳು.

ಪ್ರುದೆನ್ಸಿಯೊಗೆ ಆಗ ಆದದ್ದು ಇಷ್ಟು: ಮೊದಲು ಹಾಯೆನಿಸಿತು. ಬಚಾವಾದೆ ಎನಿಸಿತು. ಕಂಡವರ ತಲೆಯ ಮೇಲೆ ಗೂಬೆ ಕೂರಿಸಲು ಅವನು ಒಂದು ಮಾತೂ ಆಡಬೇಕಿರಲಿಲ್ಲ, ಗೂಬೆ ತಾನಾಗಿ ಹೋಗಿ ಬಸಿಲಿಯೊನ ಹೆಗಲ ಮೇಲೆ ಕೂತಿತ್ತು. ಸುಮ್ಮನಿದ್ದರೆ ನಾಳೆ ಒಂಬತ್ತಕ್ಕೆ ಮತ್ತೆ ನಿಲ್ದಾಣ, ಮತ್ತೆ ಎಣಿಕೆ. ಈ ದಾರಿ ಹೋದರೆ ತಾನು ಯಾರು? ಹೋಟೆಲಿನ ಮುಂದೆ ಕೂತು ಡಾಮಿನೊ ಆಡುವ ಮುದುಕ. ಆಮೇಲೆ ಹೆಗಲ ಮೇಲಿನ ಮರಿ ಒಮ್ಮೆ ಕೂಗಿತು, ಬಸಿಲಿಯೊ ಅದರ ಮೂತಿ ಸವರಿ ಸುಮ್ಮನಾಗಿಸಿದ. ತನ್ನ ಬಗ್ಗೆ ಪ್ರುದೆನ್ಸಿಯೊಗೆ ಅಸಹ್ಯವಾಯಿತು.

“ಒರ್ತೆನ್ಸಿಯ, ಬರಿಯೋದು ನಿಲ್ಸು,” ಎಂದ. “ಕೋಲಿಲ್ದೇ ಇದ್ರೂ ಆಡು ಕಾಣಬೇಕಿತ್ತು. ದೀಪ ಹೊತ್ತಿತ್ತು. ನಂಗೆ ಕತ್ಲೇಲಿ ಕಣ್ಣು ಕಾಣಲ್ಲ. ಮೂರು ವರ್ಷ ಆಯ್ತು.”

ಒರ್ತೆನ್ಸಿಯ ಮತ್ತೆ ಕೇಳಿದಳು, ಅವನು ಮತ್ತೆ ಹೇಳಿದ, ತುಳಿತದ ಲೆಕ್ಕವನ್ನೂ ಹೇಳಿದ. ಅವಳು ಬರೆದ ಹಾಳೆ ಹರಿದು ಜೇಬಿಗೆ ಹಾಕಿಕೊಂಡಳು, ಹೊಸ ಹಾಳೆಯಲ್ಲಿ ಮೊದಲಿನಿಂದ ಬರೆದಳು. ಆಡಿನ ವಿಷಯ ಹೊಸ ಹಾಳೆಯಲ್ಲಿ ಬರಲಿಲ್ಲ. ಕೊನೆಗೆ ಕೈ ಚಾಚಿದಳು, ಅವನು ಕೊರಳಿನ ಪರವಾನಗಿ ಚೀಟಿ ತೆಗೆದು ಕೊಟ್ಟ.

“ಎಂಥಾ ಪೆದ್ದನಯ್ಯಾ ನೀನು,” ಎಂದ ಬಸಿಲಿಯೊ. “ಬೈಸ್ಕೊಳ್ಳೋದು ನಂಗೇನು ಹೊಸದಾ? ಮೂರು ವರ್ಷ ಮುಚ್ಚಿಟ್ಟೋನಿಗೆ ಇನ್ನೊಂದು ಗಂಟೆ ಬಾಯಿ ಮುಚ್ಕೊಂಡಿರಕ್ಕಾಗ್ಲಿಲ್ವಾ?” ಮರಿಯನ್ನು ಹೊತ್ತು ಸರಸರ ಸುರಂಗದೊಳಕ್ಕೆ ಹೋಗಿಬಿಟ್ಟ.

ಗಾಸ್ಪರನನ್ನು ಒರ್ತೆನ್ಸಿಯ ನಡೆಸಿಕೊಂಡು ಹೊರಟಳು. ಉಳಿದವರ ಮುಂದೆ ಅರಾಸೆಲಿ ನಿಂತಳು. ದೀಪ ಹಚ್ಚಿಕೊಳ್ಳಿ, ನನ್ನ ಹಿಂದೆ ಬನ್ನಿ ಎಂದಳು. ಮಾವನ ಹತ್ತಿರ ಬಂದು ಅವನ ಸೈಕಲ್ಲಿನ ಮುಂದಿನ ಗಾಲಿಯನ್ನು ಕಾಲ ನಡುವೆ ಹಿಡಿದು ಡೊಂಕಾದ ಹ್ಯಾಂಡಲ್ಲನ್ನು ನೆಟ್ಟಗೆ ಮಾಡಿಕೊಟ್ಟಳು. ಸುರಂಗ ಬಂದಾಗ ಇಳಿದು ಗೋಡೆ ಹಿಡಿದು ನಡೆದು ಬನ್ನಿ, ಸೈಕಲ್ ಹತ್ತಿದ್ದು ಕಂಡರೆ ಚೆನ್ನಾಗಿರಲ್ಲ ಎಂದು ತಗ್ಗಿದ ದನಿಯಲ್ಲಿ ಹೇಳಿದಳು.

ಹಾಗೇ ಮಾಡಿದ. ಹತ್ತನೆಯದರಲ್ಲಿ ಒಂದು ಕೈಯಲ್ಲಿ ಸೈಕಲ್ಲು, ಇನ್ನೊಂದು ಕೈಯಲ್ಲಿ ಒದ್ದೆ ಗೋಡೆ. ಮುಂದಿನವರ ಮಾತು ದೂರವಾಗಿ ನಿಂತೇಹೋಯಿತು. ಬೆಳಕಿಗೆ ಬಂದಾಗ ಉಳಿದವರು ಮುಂದೆ ಹೋಗಿದ್ದರು, ಅರಾಸೆಲಿ ಒಬ್ಬಳೇ ಕಾಯುತ್ತಿದ್ದಳು. ಅವನನ್ನು ಕಂಡದ್ದೇ ಸೈಕಲ್ ಹತ್ತಿ ಹೊರಟಳು. ಹನ್ನೊಂದನೆಯದರ ಕೊನೆಗೂ ಹಾಗೇ ನಿಂತಿದ್ದಳು, ಹಾಗೇ ಹೊರಟಳು. ಹನ್ನೆರಡನೆಯದು ದಾಟಿದಾಗ ಕೆಳಗೆ ರಸ್ತೆಯೂ ಆಂಬುಲೆನ್ಸೂ ಕಂಡವು. ಅರಾಸೆಲಿ ಈ ಸಲ ಹೊರಡಲಿಲ್ಲ.

“ಹೋದ ಭಾನುವಾರ ನನ್ನ ಮಗಳನ್ನ ನಿಮ್ಮ ಬೆನ್ನಿಗೆ ಕಳ್ಸಿದ್ದೆ,” ಎಂದಳು.

“ಗೊತ್ತು.”

“ನಿಮ್ಮ ಹಿಂದೇನೇ ಇರೋಕೆ ಹೇಳಿದ್ದೆ, ಬೇರೆ ಯಾರನ್ನೂ ನಂಬಬೇಡ ಅಂದಿದ್ದೆ.”

ಮಗು ಆವತ್ತು ಒಂಬತ್ತನೆಯ ಸುರಂಗದಲ್ಲಿ ಹಾಡುತ್ತ ಬಂದಿತ್ತು, ಎಣಿಕೆ ತಪ್ಪುತ್ತದೆಂದು ಅವನು ಗದರಿದ್ದ.

“ಇವತ್ತು ಮನೆಗೆ ಹೋಗಿ ಅವಳಿಗೆ ನಾನೇ ಎಲ್ಲಾ ಹೇಳ್ತೀನಿ,” ಎಂದ.

“ಹೇಳಿ,” ಎಂದಳು ಅರಾಸೆಲಿ. ಕಣ್ಣು ಒರೆಸಿಕೊಂಡಳು. “ನಂಗೆ ಹೇಳೋಕೆ ಮೂರು ವರ್ಷ ಇತ್ತಲ್ಲ ಮಾವ.”

ಆಮೇಲೆ ಸೈಕಲ್ ಹತ್ತಿ ರಸ್ತೆಯ ಕಡೆ ಇಳಿದಳು.